ಹೊಗೆಯೂ ಬಾವುಟವೂ: ಧೂಮಕೇತುವಿನ ಬಾಲ ಅರ್ಥವಾದ ಬಗೆ

‘ಬಾಲಚುಕ್ಕಿ’ ಎಂಬ ಮಾತು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತದೆ. ‘ಧೂಮಕೇತು’ ಹಾಗಲ್ಲ, ಅದರಲ್ಲಿ ಒಂದು ಊಹೆಯೂ ಅಡಗಿದೆ. ಬಿಡಿಸಿ ನೋಡಿದರೆ ಹೊಗೆ ಒಂದು, ಬಾವುಟ ಇನ್ನೊಂದು. ಹೊಗೆಯಂಥ ಬಾಲ, ಬಾವುಟದಂಥ ಬಾಲ ಎಂದು ನಿಜಕ್ಕೂ ಎರಡು ಬಾಲಗಳಿವೆ, ಅವುಗಳ ಬಣ್ಣವೂ ಬೇರೆ, ಅವನ್ನು ಎಳೆದು ನಿಲ್ಲಿಸುವ ಬಲವೂ ಬೇರೆ ಎಂಬುದು ಇತ್ಯರ್ಥವಾಗಲು ಯೂರೋಪಿನ ಖಗೋಳ ವಿಜ್ಞಾನಕ್ಕೆ ಸುಮಾರು ನಾನೂರು ವರ್ಷ ಹಿಡಿಯಿತು.

ಬಣ್ಣವನ್ನು ಗಮನಿಸಿದವರು ಹಿಂದೆಯೂ ಇದ್ದರು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ಕೇತುಚಾರದಲ್ಲಿ ಅಗ್ನಿಪುತ್ರರೆಂಬ ಕೇತುಗಳಿಗೆ ಗಿಳಿ, ಬೆಂಕಿ, ಬಂಧುಜೀವದ ಹೂ, ಅರಗು, ನೆತ್ತರಿನ ಬಣ್ಣಗಳನ್ನು ಹೇಳುತ್ತಾನೆ. ಆದರೆ ಅವನಿಗೆ ಬೇಕಿದ್ದದ್ದು ಬಣ್ಣದ ಫಲ, ಕಾರಣವಲ್ಲ. ದಿಕ್ಕಿನ ವಿಚಾರದಲ್ಲಿ ಚೀನೀಯರು ಮುಂದಿದ್ದರು: ಬಾಲ ಸೂರ್ಯನಿಗೆ ಬೆನ್ನುಮಾಡಿ ನಿಲ್ಲುತ್ತದೆಂಬುದು 837ರ ಧೂಮಕೇತುವಿನ ಹೊತ್ತಿಗೇ ಅವರ ದಾಖಲೆಗೆ ಬಂದಿತ್ತು. ಯೂರೋಪಿನಲ್ಲಿ ಪೀಟರ್ ಅಪಿಯನ್ 1531ರಲ್ಲಿ ಇದನ್ನೇ ಕಂಡರು. ಸೂರ್ಯಕಿರಣಗಳೇ ಬಾಲವನ್ನು ಹೊರಕ್ಕೆ ದೂಡುತ್ತವೆ ಎಂದು ಕೆಪ್ಲರ್ 1619ರಲ್ಲಿ ಬರೆದರು. ಅದು ಅರ್ಧ ಮಾತ್ರ ಸರಿಯಾದ ಉತ್ತರ. ಆ ಅರ್ಧವೇ ಮುಂದೆ ಬಹುಕಾಲ ದಾರಿ ತಪ್ಪಿಸಿತು.

ಬಣ್ಣಕ್ಕೆ ಕಾರಣ ಹುಡುಕುವ ಕೆಲಸ ರೋಹಿತದರ್ಶಕ ಬರುವವರೆಗೆ ಕಾಯಬೇಕಾಯಿತು. 1864ರಲ್ಲಿ ಇಟಲಿಯ ಡೊನಾಟಿ ಧೂಮಕೇತುವೊಂದರ ಬೆಳಕನ್ನು ಒಡೆದು ನೋಡಿದಾಗ ಮೂರು ಪ್ರಕಾಶಮಾನ ಪಟ್ಟಿಗಳು ಕಂಡವು. ಯಾವುದರ ಪಟ್ಟಿಗಳೆಂದು ತಿಳಿಯಲಿಲ್ಲ. 1868ರ ಜೂನ್‌ನಲ್ಲಿ ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ವಿಲಿಯಂ ಹಗಿನ್ಸ್ ತಮ್ಮ ಮನೆಯ ದೂರದರ್ಶಕದ ಪಕ್ಕದಲ್ಲೇ ಎಥಿಲೀನ್ ಅನಿಲದೊಳಗೆ ವಿದ್ಯುತ್ ಕಿಡಿ ಹಾರಿಸಿದರು. ಕಿಡಿಯ ರೋಹಿತವನ್ನು ವಿನ್ನೆಕೆ ಧೂಮಕೇತುವಿನ ರೋಹಿತದ ಪಕ್ಕಕ್ಕೆ ತಂದು ನೋಡಿದರೆ ಪಟ್ಟಿಗೆ ಪಟ್ಟಿ ಹೊಂದಿತು. ಆ ಪಟ್ಟಿಗಳು ಇಂಗಾಲದವು. ಧೂಮಕೇತುವಿನ ತಲೆಯ ಹಸಿರೂ ಇಂಗಾಲದ್ದೇ, ಎರಡೆರಡು ಪರಮಾಣು ಜೋಡಿಯಾದ ಇಂಗಾಲದ್ದು. ಈ ಹಸಿರು ತಲೆಯಲ್ಲೇ ಉಳಿಯುತ್ತದೆ, ಬಾಲಕ್ಕೆ ಇಳಿಯುವುದಿಲ್ಲ. ಬಿಸಿಲೇ ಆ ಅಣುವನ್ನು ಒಡೆಯುತ್ತದೆಂದು ಹರ್ಟ್ಸ್‌ಬರ್ಗ್ 1930ರ ದಶಕದಲ್ಲಿ ಊಹಿಸಿದ್ದರು; ಅದು ಪ್ರಯೋಗಾಲಯದಲ್ಲಿ ಸಾಬೀತಾದದ್ದು 2021ರಲ್ಲಿ, ಸಿಡ್ನಿಯಲ್ಲಿ. ಅಣುವಿನ ಆಯಸ್ಸು ಹೆಚ್ಚುಕಡಿಮೆ ಎರಡು ದಿನ.

ಹೊಗೆಯ ಬಾಲದ ಕತೆ ಸುಲಭ. ಬೆಳಕಿಗೆ ಒತ್ತಡವಿದೆಯೆಂದು ಮ್ಯಾಕ್ಸ್‌ವೆಲ್ ಲೆಕ್ಕದಲ್ಲಿ ತೋರಿಸಿದ್ದನ್ನು ರಷ್ಯಾದ ಲೆಬೆಡೆವ್ 1901ರ ಹೊತ್ತಿಗೆ ಅಳೆದರು. ಧೂಮಕೇತುವಿನ ಮಂಜುಗಡ್ಡೆ ಬಿಸಿಲಿಗೆ ಆವಿಯಾಗುವಾಗ ಜೊತೆಗೆ ಹೊರಬೀಳುವ ಸಣ್ಣ ಧೂಳನ್ನು ಈ ಒತ್ತಡ ಮೆಲ್ಲಗೆ ತಳ್ಳುತ್ತದೆ. ಧೂಳು ಹಿಂದುಳಿಯುತ್ತ ಹೋಗುವುದರಿಂದ ಬಾಲ ಬಾಗುತ್ತದೆ. ಬಿಸಿಲನ್ನೇ ಚದುರಿಸುವುದರಿಂದ ಹಳದಿ ಬೆರೆತ ಬಿಳಿಯಾಗಿ ಕಾಣುತ್ತದೆ. ಬ್ರೆಡಿಖಿನ್ ಇದಕ್ಕೂ ಮುಂಚೆ ಬಾಲಗಳನ್ನು ಬಾಗಿನ ಪ್ರಕಾರ ಮೂರು ವರ್ಗ ಮಾಡಿ, ನೆಟ್ಟಗಿನದು ಜಲಜನಕದ್ದು, ಹೆಚ್ಚು ಬಾಗಿದ್ದು ಕಬ್ಬಿಣದಂಥ ಭಾರದ ಧಾತುಗಳದ್ದು ಎಂದಿದ್ದರು. ಧಾತುಗಳು ತಪ್ಪಾದರೂ ನೆಟ್ಟಗಿನದನ್ನು ಬೇರೆ ಸಾಲಿಗೆ ಹಾಕಿದ್ದು ಮಾತ್ರ ಸರಿಯಾಗಿತ್ತು.

ಬಾವುಟದ ಕತೆ ತೊಡಕಿನದು, ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದೂ ಹೌದು. 1908ರ ಮೋರ್‌ಹೌಸ್ ಧೂಮಕೇತು ಕಣ್ಣಿಗೆ ಮಂಕಾಗಿತ್ತು. ಫೋಟೋ ಫಲಕದಲ್ಲಿ ಮಾತ್ರ ಬೆಳಗುತ್ತಿತ್ತು. ಕಾರಣ, ಅಂದಿನ ಫಲಕಗಳಿಗೆ ನೀಲಿಯ ಮೇಲೇ ಒಲವು, ಈ ಬಾಲವೋ ನೀಲಿ. ಯರ್ಕ್ಸ್ ವೀಕ್ಷಣಾಲಯದಲ್ಲಿ ಬರ್ನಾರ್ಡ್ ರಾತ್ರಿಯಿಂದ ರಾತ್ರಿಗೆ ತೆಗೆದ ಚಿತ್ರಗಳಲ್ಲಿ ಬಾಲ ಗಂಟುಗಂಟಾಗುತ್ತದೆ, ಹುರಿಗೊಳ್ಳುತ್ತದೆ, ಒಮ್ಮೆ ಬುಡದಿಂದಲೇ ಕಿತ್ತು ದೂರ ಸರಿದು ಹೋಗುತ್ತದೆ. ಅದರ ನೀಲಿ ಪಟ್ಟಿಗಳನ್ನು ಆಲ್ಫ್ರೆಡ್ ಫೌಲರ್ ಅತಿ ಕಡಿಮೆ ಒತ್ತಡದ ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಮೂಡಿಸಿ ತೋರಿಸಿದರು. ಅವು ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳವೆಂಬುದು ಮುಂದೆ ಖಚಿತವಾಯಿತು.

ಆದರೆ ಆ ಗಂಟುಗಳ ಓಟಕ್ಕೆ ಬೆಳಕಿನ ಒತ್ತಡ ಏನೇನೂ ಸಾಲದು. ಕುನೊ ಹಾಫ್‌ಮೈಸ್ಟರ್ 1943ರಲ್ಲಿ ಇನ್ನೊಂದು ಸುಳಿವು ಕೊಟ್ಟರು: ನೆಟ್ಟಗಿನ ಬಾಲವೂ ಪೂರ್ತಿ ನೆಟ್ಟಗಿಲ್ಲ, ಸೂರ್ಯನ ಎದುರು ದಿಕ್ಕಿನಿಂದ ಕೆಲವು ಡಿಗ್ರಿ ಹಿಂದಕ್ಕೆ ವಾಲಿದೆ. ಗಾಳಿಯಿಲ್ಲದ ಮಳೆಯಲ್ಲೂ ಓಡುವವನಿಗೆ ಹನಿ ಓರೆಯಾಗಿ ಬಡಿಯುವ ಹಾಗೆ. ಬಡಿಯುತ್ತಿರುವುದು ಬೆಳಕೇ ಆಗಿದ್ದರೆ ಅದರ ವೇಗಕ್ಕೆ ಇಷ್ಟು ವಾಲು ಬರುವಂತಿಲ್ಲ. 1951ರಲ್ಲಿ ಲುಡ್ವಿಗ್ ಬೀರ್ಮನ್ ಇದಕ್ಕೆ ಉತ್ತರ ಕೊಟ್ಟರು: ಸೂರ್ಯನಿಂದ ಕಣಗಳ ಹೊಳೆಯೊಂದು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಸದಾ ಹರಿಯುತ್ತಿದೆ. ಬಾವುಟ ನೋಡಿ ಗಾಳಿಯನ್ನು ಕಂಡುಹಿಡಿದದ್ದು ಎಂದರೆ ಇದೇ. 1957ರಲ್ಲಿ ಆಲ್ಫ್ವೇನ್ ಆ ಹೊಳೆಗೆ ಕಾಂತಕ್ಷೇತ್ರವನ್ನು ಸೇರಿಸಿದರು, 1958ರಲ್ಲಿ ಪಾರ್ಕರ್ ಸೌರಮಾರುತ ಎಂದು ಹೆಸರಿಟ್ಟರು, 1962ರಲ್ಲಿ ಮ್ಯಾರಿನರ್-2 ನೌಕೆ ಅದನ್ನು ನೇರವಾಗಿ ಅಳೆಯಿತು. 2007ರ ಏಪ್ರಿಲ್‌ನಲ್ಲಿ ಸೂರ್ಯನಿಂದ ಸಿಡಿದ ಅನಿಲರಾಶಿ ಎನ್ಕೆ ಧೂಮಕೇತುವಿನ ಬಾಲವನ್ನು ಕಿತ್ತೊಯ್ದದ್ದನ್ನು ಸ್ಟೀರಿಯೊ ನೌಕೆ ಚಿತ್ರಿಸಿತು. ಬರ್ನಾರ್ಡ್‌ರ ಫಲಕದಲ್ಲಿದ್ದಂಥದೇ ದೃಶ್ಯ, ತೊಂಬತ್ತೊಂಬತ್ತು ವರ್ಷಗಳ ತರುವಾಯ.

ಇಷ್ಟಾದರೂ ಎರಡೇ ಬಾಲಗಳಿಗೆ ಲೆಕ್ಕ ಮುಗಿಯಲಿಲ್ಲ. 1997ರಲ್ಲಿ ಹೇಲ್-ಬಾಪ್‌ನ ನೀಲಿ ಬಾಲ, ಬಿಳಿ ಬಾಲಗಳನ್ನು ಜನ ಬರಿಗಣ್ಣಿನಲ್ಲೇ ನೋಡುತ್ತಿದ್ದಾಗ, ಲಾ ಪಾಲ್ಮಾ ದ್ವೀಪದಿಂದ ಸೋಡಿಯಂನ ಹಳದಿಯನ್ನಷ್ಟೇ ಒಳಬಿಡುವ ಶೋಧಕದಲ್ಲಿ ಚಿತ್ರ ತೆಗೆದ ಯೂರೋಪಿನ ತಂಡಕ್ಕೆ ಮೂರನೆಯದೊಂದು ಸಿಕ್ಕಿತು. ತೆಳ್ಳಗೆ, ನೆಟ್ಟಗೆ, ಬರಿಗಣ್ಣಿಗೆ ಕಾಣದ್ದು. ಧೂಳಲ್ಲ, ವಿದ್ಯುದಂಶವೂ ಇಲ್ಲ. ಸೋಡಿಯಂ ಪರಮಾಣು ಬಿಸಿಲಿನ 589 ನ್ಯಾನೋಮೀಟರ್ ಹಳದಿಯನ್ನು ಹೀರಿ ಮತ್ತೆ ಉಗುಳುತ್ತದೆ. ಹೀರಿದ ಒಂದೊಂದು ಸಲವೂ ಸೂರ್ಯನಿಂದ ಇಷ್ಟಿಷ್ಟೇ ದೂರ ಸರಿಯುತ್ತದೆ. ಇಲ್ಲಿ ಬಣ್ಣ ಕೊಡುವುದೂ ದೂಡುವುದೂ ಅದೇ ಬೆಳಕು.