ದಂತವೈದ್ಯ ಶಿಕ್ಷಣಕ್ಕೆ ತಡವಾದ ಪ್ರವೇಶ (ಮಹಾಗಾಂವ ಪರಿಸರ)

ಬೇರೆ ವೃತ್ತಿಯಲ್ಲಿದ್ದವರು ದಂತವೈದ್ಯ ಪದವಿಯಾದ ಬಿಡಿಎಸ್ ಸೇರಲು ಹನ್ನೆರಡನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ವಿಷಯಗಳನ್ನು ಪೂರೈಸಿ ರಾಷ್ಟ್ರೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಬೇಕು. ಬಿ.ಕಾಂ. ಅಥವಾ ಎಂಜಿನಿಯರಿಂಗ್ ಪದವಿ ಈ ಅರ್ಹತೆಗೆ ಬದಲಿಯಾಗದು. ವಿಜ್ಞಾನ ವಿಭಾಗದಲ್ಲಿ ಗಣಿತದ ಜೊತೆ ಪಿಯುಸಿ ಮುಗಿಸಿದವರಿಗೆ ಬಾಕಿ ಉಳಿಯುವುದು ಸಾಮಾನ್ಯವಾಗಿ ಜೀವಶಾಸ್ತ್ರವೊಂದೇ. ಅದನ್ನು ಮಾನ್ಯ ಮಂಡಳಿಯಲ್ಲಿ ಹೆಚ್ಚುವರಿ ವಿಷಯವಾಗಿ ನಂತರ ಪಾಸು ಮಾಡಿದರೂ ನೀಟ್‌ಗೆ ಕೂರಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಗರಿಷ್ಠ ವಯೋಮಿತಿ 2022ರಲ್ಲೇ ಹೋಗಿತ್ತು. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ ಆದ್ದರಿಂದ, ಬರೀ ಪಾಸಾದರೆ ಸಾಲದು. ಪ್ರಶ್ನೆಪತ್ರಿಕೆ ಕನ್ನಡ, ಮರಾಠಿ ಎರಡರಲ್ಲೂ ಸಿಗುತ್ತದೆ.

ಮಹಾಗಾಂವ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನಲ್ಲಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಗಡಿನಾಡು ಕನ್ನಡಿಗರ ನಿಯಮ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಜೊತೆ ಈ ತಾಲ್ಲೂಕನ್ನೂ ಹೆಸರಿಸುತ್ತದೆ. ಅಲ್ಲಿನ ಕನ್ನಡ ಭಾಗದ ಮೂಲದವರಾಗಿ, ಅಲ್ಲಿಯೇ ನಿಗದಿತ ವರ್ಷ ಓದಿ, ಮಾತೃಭಾಷೆ ಕನ್ನಡವಾಗಿದ್ದು, ಪ್ರಾಧಿಕಾರದ ಕನ್ನಡ ಪರೀಕ್ಷೆ ಪಾಸಾದವರು ಕರ್ನಾಟಕದ ಸೀಟಿಗೆ ಅರ್ಹರು. ದಶಕದ ಹಿಂದೆ ಶಾಲೆ ಬಿಟ್ಟವರಿಗೆ ಜೀವಶಾಸ್ತ್ರಕ್ಕಿಂತ ಹಳೆಯ ವ್ಯಾಸಂಗ ಪ್ರಮಾಣಪತ್ರ ಹುಡುಕುವುದೇ ಕಷ್ಟವಾದೀತು. ಸಮೀಪದ ದಂತ ಕಾಲೇಜುಗಳು ಬೆಳಗಾವಿಯಲ್ಲಿವೆ. ಕೊಲ್ಹಾಪುರದ ಕಡೆ ನವೇ ಪಾರಗಾಂವದಲ್ಲೊಂದಿದೆ. ಕೋರ್ಸು ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್.