ಅರಿಶಿನದ ಪರ ನಿಂತ ಅಚ್ಚಿನ ಪುಟ

ಗಾಯ ನಂಜಾಗದಿರಲೆಂದು ಅರಿಶಿನ ಹಚ್ಚುವುದು ನಮ್ಮಲ್ಲಿ ಮನೆಮಾತು. ಆದರೂ 1995ರಲ್ಲಿ ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು ಪೇಟೆಂಟ್ ಪಡೆಯಿತು. ಭಾರತದ ಸಿ.ಎಸ್.ಐ.ಆರ್. 1996ರಲ್ಲಿ ಮರುಪರಿಶೀಲನೆ ಕೋರಿತು.

ಅಮೆರಿಕದ ಅಂದಿನ ಕಾನೂನಿನಂತೆ, ಹೊರದೇಶದಲ್ಲಿ ರೂಢಿಯಲ್ಲಿದ್ದರೆ ಸಾಲದು. ಅದು ಪೇಟೆಂಟಿನಲ್ಲೋ ಮುದ್ರಿತ ಪ್ರಕಟಣೆಯಲ್ಲೋ ಮೊದಲೇ ದಾಖಲಾಗಿರಬೇಕಿತ್ತು. ಅಜ್ಜಿಯ ಮಾತು ಅಲ್ಲಿ ಸಾಕ್ಷಿಯಾಗಲಿಲ್ಲ. ಆದ್ದರಿಂದ ಹಳೆಯ ಗ್ರಂಥಗಳು, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನ ಸೇರಿದಂತೆ 32 ಉಲ್ಲೇಖಗಳನ್ನು ಒದಗಿಸಲಾಯಿತು. ಹೊಸತನವಿಲ್ಲವೆಂದು ಪೇಟೆಂಟ್ ಕಚೇರಿ 1997ರಲ್ಲಿ ಹಕ್ಕುಗಳನ್ನು ತಳ್ಳಿಹಾಕಿತು.

2013ರಿಂದ ಅಲ್ಲಿ ಹೊರದೇಶದ ಬಹಿರಂಗ ಬಳಕೆಯೂ ಗಣನೆಗೆ ಬರುತ್ತದೆ. ಆದರೂ ಪರಿಶೀಲಕರ ಕೈಗೆ ಸುಲಭವಾಗಿ ಸಿಗುವುದು ಬರೆದಿಟ್ಟದ್ದೇ. ಬಾಯಲ್ಲೇ ಉಳಿದ ತಿಳಿವಳಿಕೆಯನ್ನು ದಾಖಲಿಸುವುದೂ ಸಂಶೋಧನೆಯ ಕೆಲಸವೇ.