ಕರ್ತವ್ಯದ ಕರೆಗೆ ಓಗೊಟ್ಟವರು

ವಿಮಾನದ ಬಾಗಿಲಲ್ಲಿ ನಿಂತು ಕೈಮುಗಿದು ಬರಮಾಡಿಕೊಳ್ಳುವ ಸಿಬ್ಬಂದಿಯ ಮುಖವನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟುಕೊಳ್ಳುತ್ತೇವೆ? ಊಟ, ನೀರು ಕೊಡುವುದೇ ಅವರ ಕೆಲಸವೆಂದು ಭಾವಿಸಿ ಸುಮ್ಮನಾಗುತ್ತೇವೆ. ಈ ಭಾವನೆ ಎಷ್ಟು ಅಪೂರ್ಣವಾದುದೆಂಬುದನ್ನು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಒಂದು ಪುಟ್ಟ ಸ್ಮಾರಕ ನಮಗೆ ತಿಳಿಸುತ್ತದೆ.

ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದ ಸಮೀಪದ ಗ್ರೇಪ್‌ವೈನ್ ಪಟ್ಟಣದಲ್ಲಿ, 2008ರ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯ ದಿನದಂದೇ, ಕಂಚಿನ ಪ್ರತಿಮೆಗಳುಳ್ಳ ಈ ಸ್ಮಾರಕ ಲೋಕಾರ್ಪಣೆಗೊಂಡಿತು. 2001ರ ಸೆಪ್ಟೆಂಬರ್ 11ರಂದು ಅಪಹರಣಕ್ಕೊಳಗಾದ ನಾಲ್ಕು ವಿಮಾನಗಳಲ್ಲಿ ಮಡಿದ 33 ಮಂದಿ ಸಿಬ್ಬಂದಿಗೆ ಅದು ಮುಡಿಪು. ಅವರಲ್ಲಿ 8 ಮಂದಿ ಪೈಲಟ್‌ಗಳು, 25 ಮಂದಿ ಪ್ರಯಾಣಿಕರ ಸೇವೆಯಲ್ಲಿದ್ದವರು.

ಅಂದು ಬೋಸ್ಟನ್‌ನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 11ನೇ ವಿಮಾನದಲ್ಲಿ ಬೆಟ್ಟಿ ಆಂಗ್ ಎಂಬ ಗಗನಸಖಿ ಇದ್ದರು. ಅಪಹರಣವಾದ ಕೂಡಲೇ ಅವರು ದೂರವಾಣಿ ಎತ್ತಿಕೊಂಡು, ನೆಲದ ಮೇಲಿನ ತಮ್ಮ ಸಂಸ್ಥೆಯವರಿಗೆ ಸುಮಾರು 25 ನಿಮಿಷ ಕಾಲ ಶಾಂತಸ್ವರದಲ್ಲಿ ವರದಿ ನೀಡುತ್ತಲೇ ಇದ್ದರು. ಆ ಮಾತುಗಳಲ್ಲಿ ಮೊದಲ ನಾಲ್ಕು ನಿಮಿಷಗಳಷ್ಟೇ ಧ್ವನಿಮುದ್ರಣಗೊಂಡಿವೆ. ಅದೇ ವಿಮಾನದ ಏಮಿ ಸ್ವೀನಿ ಅಪಹರಣಕಾರರು ಕುಳಿತಿದ್ದ ಆಸನಗಳ ಸಂಖ್ಯೆಗಳನ್ನು ತಿಳಿಸಿದರು. ಅವರನ್ನು ಗುರುತಿಸಲು ಆ ಮಾಹಿತಿ ನೆರವಾಯಿತು. 8 ಗಂಟೆ 46 ನಿಮಿಷಕ್ಕೆ ವಿಮಾನವು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರಕ್ಕೆ ಅಪ್ಪಳಿಸಿತು.

ಯುನೈಟೆಡ್ 93ನೇ ವಿಮಾನದಲ್ಲಿದ್ದ ಸ್ಯಾಂಡ್ರಾ ಬ್ರಾಡ್‌ಶಾ, ಅಪಹರಣಕಾರರ ಮೇಲೆ ಎರಚಲು ನೀರು ಕಾಯಿಸುತ್ತಿರುವುದಾಗಿ ಪತಿಗೆ ಫೋನಿನಲ್ಲಿ ಹೇಳಿದರು. ಸೇವೆಗೆಂದು ಇದ್ದ ಬಿಸಿನೀರೇ ಅವರ ಕೈಯಲ್ಲಿ ಆಯುಧವಾಯಿತು. ಪ್ರಯಾಣಿಕರೂ ಸಿಬ್ಬಂದಿಯೂ ಒಟ್ಟಾಗಿ ಎದುರಿಸಿ ನಿಂತರು. ವಾಷಿಂಗ್ಟನ್ನಿನತ್ತ ಹೊರಳಿಸಲಾಗಿದ್ದ ಆ ವಿಮಾನ 10 ಗಂಟೆ 3 ನಿಮಿಷಕ್ಕೆ ಪೆನ್ಸಿಲ್ವೇನಿಯಾದ ಶ್ಯಾಂಕ್ಸ್‌ವಿಲ್ ಬಳಿಯ ಬಯಲಿನಲ್ಲಿ ಪತನಗೊಂಡಿತು. ವಿಮಾನದಲ್ಲಿದ್ದ 40 ಮಂದಿ ಪ್ರಯಾಣಿಕರೂ ಸಿಬ್ಬಂದಿಯೂ ಅಸುನೀಗಿದರು. ನೆಲದ ಮೇಲಿದ್ದ ಯಾರಿಗೂ ಪ್ರಾಣಹಾನಿಯಾಗಲಿಲ್ಲ.

ಇವರು ಅಂದು ಯುದ್ಧಕ್ಕೆ ಹೊರಟವರಾಗಿರಲಿಲ್ಲ. ಬೆಳಿಗ್ಗೆ ಸಮವಸ್ತ್ರ ಧರಿಸಿ, ಮನೆಮಂದಿಗೆ ಹೇಳಿ ಕೆಲಸಕ್ಕೆ ಹೊರಟವರು. ತಮ್ಮ ಪ್ರಾಣವನ್ನು ಉಳಿಸಿಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ. ಆದರೆ ಕೊನೆಯ ಕ್ಷಣದವರೆಗೂ ತಮಗೆ ಒಪ್ಪಿಸಿದ ಜನರ ಹೊಣೆಯನ್ನು ಕೆಳಗಿಡಲಿಲ್ಲ. ಫಲ ಸಿಗದೆಂದು ತೋರಿದಾಗಲೂ ಮಾಡಬೇಕಾದುದನ್ನು ಮಾಡುವುದೇ ಕರ್ತವ್ಯನಿಷ್ಠೆಯಲ್ಲವೇ?

ಅರಸರಿಗೂ ಸೇನಾನಿಗಳಿಗೂ ಸ್ಮಾರಕಗಳು ಎಲ್ಲೆಡೆ ಇವೆ. ದುಡಿಯುವ ಕೈಗಳಿಗೆ ಇರುವುದು ಅಪರೂಪ. ಮುಂದಿನ ಬಾರಿ ಬಸ್ಸಿನ ನಿರ್ವಾಹಕನೋ, ಆಸ್ಪತ್ರೆಯ ದಾದಿಯೋ, ವಿಮಾನದ ಸಿಬ್ಬಂದಿಯೋ ನಿಮ್ಮೆದುರು ಬಂದಾಗ ಒಮ್ಮೆ ಅವರ ಮುಖವನ್ನು ನೋಡಿ, ಕೃತಜ್ಞತೆಯ ಒಂದು ಮಾತನ್ನಾಡಿ. ಆಪತ್ತಿನ ಗಳಿಗೆಯಲ್ಲಿ ನಮ್ಮ ಪ್ರಾಣ ಅವರ ಕೈಯಲ್ಲಿರುತ್ತದೆ.